ಬಾಡಿಗೆ ಕಟ್ಟೋಕೆ ಆಗದ ತಿಂಗಳು ಬಂದಾಗ

(ಹಾಸನದಲ್ಲಿ ಬಾಡಿಗೆ ಮನೆಯವರಿಗಾಗಿ ಒಂದು ಭಾನುವಾರ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಜಾಸ್ತಿ ಜನ ಬಾಡಿಗೆ ಮನೆಯವರು. ಒಂದಿಬ್ಬರು ಓನರ್‌ಗಳೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಒಳ್ಳೆಯದೇ ಆಯ್ತು, ಇಬ್ಬರ ಕಿವಿಗೂ ಬೀಳಲಿ.

ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ಕೈಯಲ್ಲಿ ದುಡ್ಡಿಲ್ಲ ಎಂಬ ಕಾರಣಕ್ಕೆ ಬಾಡಿಗೆ ಮನ್ನಾ ಮಾಡುವ ಕಾನೂನು ನಮ್ಮಲ್ಲಿಲ್ಲ. ಕೆಲಸ ಹೋಗಿರಲಿ, ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿರಲಿ, ಶುಂಠಿ ಕೊಳೆತು ಹೋಗಿರಲಿ, ಬಾಕಿ ಬಾಕಿಯೇ. ಕಾನೂನು ಕೊಡುವುದು ಸಮಯ. ಒಂದೇ ಏಟಿಗೆ ನಿಮ್ಮನ್ನು ಬೀದಿಗೆ ತಳ್ಳದ ಹಾಗೆ ಅದು ಅಡ್ಡ ನಿಲ್ಲುತ್ತದೆ. ಆದರೆ ಆ ಸಮಯ ಸಿಗೋದು ಕೈಯಲ್ಲಿ ಕಾಗದ ಇಟ್ಟುಕೊಂಡವರಿಗೆ. ಬಾಯಿ ಮಾತು ನಂಬಿ ಕೂತವರಿಗೆ ಕಷ್ಟ.

ಲಾಕ್‌ಡೌನ್ ಟೈಮಲ್ಲಿ ಬಾಡಿಗೆ ಮಾಫಿ ಆಗಿತ್ತಲ್ವಾ ಎಂದು ಈಗಲೂ ಕೇಳುವವರಿದ್ದಾರೆ. ಆಗಿರಲಿಲ್ಲ. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಒಂದು ಆದೇಶ ಹೊರಡಿಸಿತು. ವಲಸೆ ಬಂದವರೂ ಸೇರಿದಂತೆ ಬಾಡಿಗೆಗಿರುವ ಕೂಲಿ ಕಾರ್ಮಿಕರನ್ನು ಒಂದು ತಿಂಗಳು ಬಾಡಿಗೆ ಕೇಳಬಾರದು, ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ಮನೆ ಖಾಲಿ ಮಾಡಿಸಬಾರದು ಎಂದಿತ್ತು ಅದರಲ್ಲಿ. ಅಷ್ಟೇ. ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿಯ ಖಾನ್ ಮಾರ್ಕೆಟ್‌ನ ಒಬ್ಬ ಅಂಗಡಿಯವರು, ಅಂಗಡಿ ಮುಚ್ಚಿದ್ದ ತಿಂಗಳುಗಳ ಬಾಡಿಗೆಯಿಂದ ವಿನಾಯಿತಿ ಕೊಡಿ ಎಂದು ಹೈಕೋರ್ಟಿಗೆ ಹೋದರು. ಕೋರ್ಟು ಒಪ್ಪಲಿಲ್ಲ. ಕರಾರಿನಲ್ಲಿ ಅಂಥ ಷರತ್ತು ಇದ್ದರೆ ಮಾತ್ರ ಅದರ ಲಾಭ ಸಿಗುತ್ತದೆ, ಸ್ವಲ್ಪ ದಿನ ಜಾಗ ಬಳಸೋಕೆ ಆಗಲಿಲ್ಲ ಎಂದ ಮಾತ್ರಕ್ಕೆ ಬಾಡಿಗೆ ನಿಲ್ಲೋದಿಲ್ಲ ಎಂದಿತು. ಕಟ್ಟೋಕೆ ಒಂದಿಷ್ಟು ಹೆಚ್ಚು ಸಮಯ ಮಾತ್ರ ಕೊಟ್ಟಿತು. ಇಡೀ ದೇಶ ಬಾಗಿಲು ಹಾಕಿಕೊಂಡಿದ್ದಾಗಲೇ ಹೀಗೆ. ಮಾಮೂಲಿ ದಿನಗಳಲ್ಲಿ ಮಾಫಿಯ ಆಸೆ ಇಟ್ಟುಕೊಳ್ಳಬೇಡಿ.

ಹಾಗಾದರೆ ಮಾಡಬೇಕಾದ್ದೇನು? ಈ ತಿಂಗಳು ಆಗೋದಿಲ್ಲ ಎಂದು ನಿಮಗೆ ಗೊತ್ತಾದ ದಿನವೇ ಓನರ್‌ಗೂ ಗೊತ್ತಾಗಬೇಕು. ನಮ್ಮವರು ಮಾಡೋದು ಇದಕ್ಕೆ ಪೂರ್ತಿ ಉಲ್ಟಾ. 5ನೇ ತಾರೀಖಿಗೆ ಬಾಡಿಗೆ ಕೊಡಬೇಕು, ದುಡ್ಡಿಲ್ಲ. 6ಕ್ಕೆ ಫೋನ್ ಎತ್ತೋದಿಲ್ಲ. 8ಕ್ಕೆ ಓನರ್ ಗೇಟಿನ ಹತ್ತಿರ ಬಂದರೆ ಮಗುವಿನ ಕೈಯಲ್ಲಿ 'ಅಪ್ಪ ಮನೇಲಿಲ್ಲ' ಎಂದು ಹೇಳಿಸುತ್ತಾರೆ. ದುಡ್ಡಿಗಿಂತ ಮುಂಚೆ ನಂಬಿಕೆ ಹೋಗೋದು ಇಲ್ಲೇ. ನಮ್ಮ ಹಾಸನದಲ್ಲಿ ಓನರ್ ಅಂದರೆ ಎಲ್ಲರೂ ದೊಡ್ಡ ಶ್ರೀಮಂತರಲ್ಲ. ವಿದ್ಯಾನಗರದಲ್ಲೋ ಕುವೆಂಪು ನಗರದಲ್ಲೋ ಕೆಳಗೆ ತಾವಿದ್ದು ಮೇಲಿನ ಮನೆ ಬಾಡಿಗೆಗೆ ಕೊಟ್ಟ ನಿವೃತ್ತ ಮೇಷ್ಟ್ರು ಇರುತ್ತಾರೆ. ಗಂಡ ತೀರಿಕೊಂಡ ಮೇಲೆ ಆ ಬಾಡಿಗೆಯಲ್ಲೇ ಔಷಧಿ ತರಿಸುವ ಅಜ್ಜಿ ಇರುತ್ತಾರೆ. ನಿಮ್ಮ 7,000 ರೂಪಾಯಿ ತಪ್ಪಿದರೆ ಅವರ ಮನೆಯ ಲೆಕ್ಕವೂ ತಪ್ಪುತ್ತದೆ. ಮುಂಚೆ ತಿಳಿಸಿದರೆ ಅವರೂ ಏನಾದರೂ ಹೊಂದಿಸಿಕೊಳ್ಳುತ್ತಾರೆ.

ಬಾಯಲ್ಲಿ ಹೇಳಿ, ಆಮೇಲೆ ಬರೆದೂ ಕೊಡಿ. ಬರೆಯೋದು ಅಂದ ತಕ್ಷಣ ಲಾಯರ್ ಹತ್ತಿರ ಓಡಬೇಕಿಲ್ಲ. ವಾಟ್ಸಾಪ್ ಸಾಕು, ನೋಟ್‌ಬುಕ್ ಹಾಳೆಯೂ ನಡೆಯುತ್ತದೆ. ಹೇಗೆ ಬರೆಯಬೇಕು ಅಂತ ಒಂದು ಮಾದರಿ ಓದುತ್ತೇನೆ. ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಬರೆಯುತ್ತಿದ್ದಾಳೆ ಅಂತ ಇಟ್ಟುಕೊಳ್ಳಿ.

"ಅಂಕಲ್, ನಮಸ್ಕಾರ. ಮೇಲಿನ ಮನೆಯಿಂದ ಬರೆಯುತ್ತಿದ್ದೇನೆ. ನಮ್ಮ ಕಾರ್ಖಾನೆಯಲ್ಲಿ ಜೂನ್ ಸಂಬಳ ಅರ್ಧ ಮಾತ್ರ ಆಗಿದೆ. ಜೂನ್ ತಿಂಗಳ ಬಾಡಿಗೆ 7,000ದಲ್ಲಿ 3,000 ಇವತ್ತು ಫೋನ್‌ಪೇ ಮಾಡಿದ್ದೇನೆ. ಉಳಿದ 4,000ವನ್ನು ಜುಲೈ 20ಕ್ಕೆ 2,000, ಆಗಸ್ಟ್ 20ಕ್ಕೆ 2,000 ಹೀಗೆ ಎರಡು ಸಲ ಕೊಡುತ್ತೇನೆ. ಜುಲೈ ಬಾಡಿಗೆ ಬೇರೆ, ಅದನ್ನು ಯಾವಾಗಿನ ಹಾಗೆ 5ನೇ ತಾರೀಖಿಗೆ ಹಾಕುತ್ತೇನೆ. ನಿಮಗೆ ಒಪ್ಪಿಗೆನಾ ಅಂತ ಇದರಲ್ಲೇ ತಿಳಿಸಿ."

ಇಷ್ಟೇ. ಇದರಲ್ಲಿ ಏನೇನಿದೆ ನೋಡಿ. ಯಾವ ತಿಂಗಳ ಬಾಕಿ, ಎಷ್ಟು ಕೊಟ್ಟೆ, ಎಷ್ಟು ಉಳಿಯಿತು, ಯಾವ ತಾರೀಖಿಗೆ ಎಷ್ಟು. ಕಷ್ಟದ ಕಥೆ ಒಂದೇ ಸಾಲು. 'ಆದಷ್ಟು ಬೇಗ ಕೊಡ್ತೀನಿ' ಎಂಬ ಮಾತು ಎಲ್ಲೂ ಇಲ್ಲ. ಆ ಮಾತಿಗೆ ಓನರ್ ಲೆಕ್ಕದಲ್ಲಿ ಬೆಲೆಯಿಲ್ಲ, ಕೋರ್ಟಿನಲ್ಲೂ ಇಲ್ಲ. 'ಆಯ್ತಮ್ಮ' ಎಂದು ಅವರು ಉತ್ತರ ಕೊಟ್ಟರೆ ಅದು ನಿಮ್ಮಿಬ್ಬರ ನಡುವಿನ ಒಪ್ಪಂದ. ಫೋನ್ ಕೆಟ್ಟರೂ ಉಳಿಯಲಿ, ಅದರ ಸ್ಕ್ರೀನ್‌ಶಾಟ್ ಮನೆಯ ಇನ್ನೊಬ್ಬರಿಗೂ ಕಳಿಸಿಡಿ.

ತಾರೀಖು ಹಾಕುವಾಗ ನಿಮ್ಮ ದುಡ್ಡು ಯಾವಾಗ ಬರುತ್ತದೆ ಎಂದು ನೋಡಿಕೊಂಡು ಹಾಕಿ. ಸಕಲೇಶಪುರದ ಕಡೆ ಕಾಫಿ ಕುಯ್ಲಿಗೆ ಹೋಗುವವರಿಗೆ ಡಿಸೆಂಬರ್, ಜನವರಿಯಲ್ಲಿ ಕೈ ತುಂಬ ಕೆಲಸ. ಹಾಸನಾಂಬೆ ಬಾಗಿಲು ತೆರೆಯುವ ದಿನಗಳಲ್ಲಿ ಹೂವು, ತಿಂಡಿ, ಆಟೋ ಇಟ್ಟುಕೊಂಡವರಿಗೆ ದುಡಿಮೆ ಜಾಸ್ತಿ. ಆಲೂಗಡ್ಡೆ ಮಾರಿದ ಮೇಲೆ ಕೊಡೋಕೆ ಆಗುವವರು ಸುಮ್ನೆ ಮುಂದಿನ ತಿಂಗಳ 5 ಎಂದು ಬರೆದು ಮತ್ತೆ ತಪ್ಪಿಸಿದರೆ, ಎರಡನೇ ಸಲ ಯಾರೂ ನಂಬೋದಿಲ್ಲ.

ಅರ್ಧವಾದರೂ ಕೊಡಿ, ಕೊಟ್ಟಿದ್ದಕ್ಕೆ ಗುರುತು ಬಿಡಿ. ಇಲ್ಲೊಂದು ಸಣ್ಣ ಗುಟ್ಟಿದೆ. ಫೋನ್‌ಪೇ, ಗೂಗಲ್ ಪೇಯಲ್ಲಿ ದುಡ್ಡು ಹಾಕುವಾಗ ಕೆಳಗೆ ಏನಾದರೂ ಬರೆಯೋಕೆ ಜಾಗ ಇರುತ್ತದೆ. ಯಾರೂ ಬರೆಯೋದಿಲ್ಲ. ಅಲ್ಲಿ 'ಜುಲೈ ಬಾಡಿಗೆ' ಎಂದು ಬರೆಯಿರಿ. 1872ರ ಕರಾರು ಕಾಯ್ದೆಯ 59ನೇ ಕಲಂ ಪ್ರಕಾರ, ಒಬ್ಬರಿಗೇ ಬೇರೆಬೇರೆ ಬಾಕಿ ಇರುವವನು 'ಈ ದುಡ್ಡು ಈ ಬಾಕಿಗೆ' ಎಂದು ಹೇಳಿ ಕೊಟ್ಟರೆ, ತೆಗೆದುಕೊಂಡವರು ಅದಕ್ಕೇ ಜಮಾ ಮಾಡಬೇಕು. ನೀವು ಹೇಳದಿದ್ದರೆ ಅವರಿಗೆ ಬೇಕಾದ ಬಾಕಿಗೆ ಹಾಕಿಕೊಳ್ಳಬಹುದು. ನೀವು ಬಾಡಿಗೆ ಅಂದುಕೊಂಡು ಹಾಕಿದ್ದು ಕರೆಂಟು, ನೀರಿನ ಲೆಕ್ಕಕ್ಕೋ ಹಳೇ ಕೈಸಾಲಕ್ಕೋ ಹೋಗಿ, ಬಾಡಿಗೆ ಬಾಕಿ ಹಾಗೇ ಉಳಿಯುತ್ತದೆ. ಕೈಯಲ್ಲಿ ನೋಟು ಕೊಡುವವರು ರಸೀದಿ ತಗೊಳ್ಳಿ. 'ನಮ್ಮನ್ನ ನಂಬಲ್ವಾ' ಎಂದು ಓನರ್ ಬೇಜಾರು ಮಾಡಿಕೊಂಡರೆ, 'ನನ್ನ ನೆನಪಿಗೆ ಅಂಕಲ್' ಎಂದು ಹೇಳಿ ಒಂದು ಪುಸ್ತಕದಲ್ಲಿ ತಾರೀಖು ಹಾಕಿಸಿ ಸಹಿ ಮಾಡಿಸಿ.

ಇನ್ನು ಅಡ್ವಾನ್ಸ್. 'ಅಡ್ವಾನ್ಸಲ್ಲಿ ವಜಾ ಮಾಡ್ಕೊಳ್ಳಿ' ಎಂಬ ಮಾತು ನಮ್ಮಲ್ಲಿ ನೀರು ಕುಡಿದಷ್ಟು ಸುಲಭವಾಗಿ ಬರುತ್ತದೆ. ಆದರೆ ಅಡ್ವಾನ್ಸ್ ಅನ್ನೋದು ಬಾಡಿಗೆಯಲ್ಲ, ಮನೆ ಬಿಡುವಾಗ ವಾಪಸ್ ಬರಬೇಕಾದ ಠೇವಣಿ. ಓನರ್ ಒಪ್ಪದೆ ನೀವಾಗಿಯೇ ವಜಾ ಎಂದುಕೊಂಡು ಮೂರು ತಿಂಗಳು ಕೂತರೆ ಕಾಗದದ ಮೇಲೆ ನೀವು ಮೂರು ತಿಂಗಳ ಬಾಕಿದಾರರು. ಒಪ್ಪಿದರೆ ಒಳ್ಳೆಯದು, ಅದನ್ನೂ ಬರಹದಲ್ಲಿ ತಗೊಳ್ಳಿ. ಅಡ್ವಾನ್ಸ್ ಎರಡೇ ತಿಂಗಳದ್ದು ತಗೋಬೇಕು ಅಂತ ಹೊಸ ಕಾನೂನು ಬಂದಿದೆ ಎಂಬ ಮೆಸೇಜು ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು ಒಂದು ಮಾದರಿ ಬಾಡಿಗೆ ಕಾಯ್ದೆ. ವಾಸದ ಮನೆಗೆ 2 ತಿಂಗಳ ಮಿತಿ ಅದರಲ್ಲಿರೋದು ನಿಜ. ಆದರೆ ಅದು ಬರೀ ಮಾದರಿ. ರಾಜ್ಯ ತಾನೇ ಕಾಯ್ದೆ ಮಾಡಿಕೊಳ್ಳುವವರೆಗೆ ಅದನ್ನು ಹಿಡಿದುಕೊಂಡು ಓನರ್ ಜೊತೆ ಜಗಳಕ್ಕೆ ಹೋಗಬೇಡಿ.

ಈಗ ನೋಟಿಸಿಗೆ ಬರೋಣ. ಇದು ಸ್ವಲ್ಪ ತಲೆ ತಿನ್ನುವ ಭಾಗ. ಆದರೂ ಕೇಳಿ, ಇಲ್ಲೇ ಜನ ಜಾಸ್ತಿ ಎಡವೋದು.

ನಮ್ಮ ರಾಜ್ಯಕ್ಕೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಬಾಡಿಗೆದಾರರ ಪರವಾಗಿ ಅದರಲ್ಲಿ ಒಳ್ಳೊಳ್ಳೆಯ ಅಂಶಗಳಿವೆ. ಬಾಕಿ ಕಟ್ಟಿ ಎಂದು ಓನರ್ ನೋಟಿಸ್ ಕೊಟ್ಟ ಮೇಲೆ 2 ತಿಂಗಳ ಅವಕಾಶ ಇದೆ. ಅಷ್ಟರೊಳಗೆ ಪೂರ್ತಿ ಚುಕ್ತಾ ಮಾಡಿದರೆ ಆ ಬಾಕಿಯ ಕಾರಣಕ್ಕೆ ಬಿಡಿಸೋಕೆ ಆಗೋದಿಲ್ಲ. ಕೇಳೋಕೆ ಚೆನ್ನಾಗಿದೆ, ಅಲ್ವಾ? ತೊಂದರೆ ಏನು ಗೊತ್ತಾ? ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಬಾಡಿಗೆ ದಾಟಿದ ಮನೆಗೆ ಈ ಕಾಯ್ದೆಯೇ ಅನ್ವಯಿಸೋದಿಲ್ಲ. ಇವತ್ತು 2,000ಕ್ಕೆ ಹಾಸನದಲ್ಲಿ ಮನೆ ಎಲ್ಲಿದೆ ಹೇಳಿ? ಒಂದು ರೂಮೂ ಸಿಗೋದಿಲ್ಲ. ಬೆಲೆ ಏರಿದ ಹಾಗೆ ಆ ಮಿತಿ ಏರಲೇ ಇಲ್ಲ. ಕಾಯ್ದೆ ಪುಸ್ತಕದಲ್ಲಿ ಉಳಿಯಿತು, ಬಾಡಿಗೆದಾರರು ಅದರ ಹೊರಗೆ ಉಳಿದರು. ನನ್ನ ಮಟ್ಟಿಗೆ ಇದು ದೊಡ್ಡ ಅನ್ಯಾಯ. ಹಳೇ ಮೊಹಲ್ಲಾಗಳಲ್ಲಿ ಅಪ್ಪನ ಕಾಲದಿಂದ ಕಡಿಮೆ ಬಾಡಿಗೆಯಲ್ಲಿ ಇರುವವರು ಮಾತ್ರ ತಮಗಿದು ಅನ್ವಯಿಸುತ್ತದಾ ಎಂದು ಲಾಯರ್ ಹತ್ತಿರ ಒಂದು ಸಲ ಕೇಳಿಕೊಳ್ಳಿ.

ಉಳಿದವರೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತೀರಿ. ಬ್ರಿಟಿಷರ ಕಾಲದ್ದು. ತಿಂಗಳ ಬಾಡಿಗೆಯ ಮನೆಗೆ ಅದರ 106ನೇ ಕಲಂ ಪ್ರಕಾರ 15 ದಿನಗಳ ಲಿಖಿತ ನೋಟಿಸ್ ಸಾಕು. ಕಾರಣ ಹೇಳಬೇಕು ಎಂದೇನೂ ಇಲ್ಲ. ನೀವು ಬಾಕಿ ಇಟ್ಟಿರಬೇಕು ಎಂದೂ ಇಲ್ಲ. ಆದರೆ ಕರಾರಿನ ಅವಧಿ ಇನ್ನೂ ಓಡುತ್ತಿದ್ದರೆ ಲೆಕ್ಕ ಬೇರೆ. 11 ತಿಂಗಳ ಕರಾರಿನಲ್ಲಿ ನೀವು ನಾಲ್ಕನೇ ತಿಂಗಳಲ್ಲಿದ್ದೀರಿ ಎನ್ನಿ. ಕರಾರಿನಲ್ಲಿ ಏನು ಬರೆದಿದೆಯೋ ಅದರಂತೆ ಹೋಗಬೇಕು. ಬಾಡಿಗೆ ತಪ್ಪಿದರೆ ಕರಾರು ರದ್ದು ಎಂದು ಬರೆದಿದ್ದು, ಅದೇ ಕಾರಣಕ್ಕೆ ರದ್ದು ಮಾಡಿ ಓನರ್ ಕೇಸು ಹಾಕಿದರೆ, 114ನೇ ಕಲಂ ನಿಮ್ಮ ನೆರವಿಗೆ ಬರುತ್ತದೆ. ವಿಚಾರಣೆಯ ಹೊತ್ತಿಗೆ ಬಾಕಿ, ಬಡ್ಡಿ, ಕೇಸಿನ ಖರ್ಚು ಎಲ್ಲವನ್ನೂ ಕಟ್ಟಿದರೆ, ಇಲ್ಲವೇ 15 ದಿನದಲ್ಲಿ ಕಟ್ಟುತ್ತೇನೆ ಎಂದು ಜಾಮೀನು ಕೊಟ್ಟರೆ, ಕೋರ್ಟು ನಿಮ್ಮನ್ನು ಮನೆಯಲ್ಲೇ ಮುಂದುವರಿಸಬಹುದು. ಮುಂದುವರಿಸಲೇಬೇಕು ಎಂದಿಲ್ಲ, ಅದು ಕೋರ್ಟಿಗೆ ಬಿಟ್ಟದ್ದು. 11 ತಿಂಗಳು ಮುಗಿದು, ಹೊಸ ಕರಾರು ಮಾಡಿಸದೆ, ನೀವು ಕೊಡ್ತಾ ಅವರು ತಗೊಳ್ತಾ ಇದ್ದರೆ, ಸಾಮಾನ್ಯವಾಗಿ ಅದು ತಿಂಗಳ ಬಾಡಿಗೆಯಾಗುತ್ತದೆ. ಆಗ ಅದೇ 15 ದಿನ.

15 ದಿನ ಮುಗಿದ ಮಾರನೇ ದಿನ ಬೀದಿಗೆ ಬರಬೇಕಾ? ಇಲ್ಲ. ನೋಟಿಸ್ ಮುಗಿದರೆ ಓನರ್‌ಗೆ ಕೇಸು ಹಾಕುವ ಹಕ್ಕು ಬರುತ್ತದೆ, ನಿಮ್ಮನ್ನು ಎತ್ತಿ ಹೊರಗೆ ಹಾಕುವ ಹಕ್ಕಲ್ಲ. ಕೇಸು, ಡಿಕ್ರಿ (ಅಂದರೆ ಕೋರ್ಟಿನ ತೀರ್ಮಾನದ ಆದೇಶ), ಅದರ ಜಾರಿ, ಕೊನೆಗೆ ಕೋರ್ಟಿನ ಅಮೀನರು ವಾರಂಟ್ ಹಿಡಿದು ಬಂದರೆ ಮಾತ್ರ ಬಾಗಿಲು ಬಿಡಿಸಬಹುದು.

ಅಂಚೆಯಣ್ಣ ನೋಟಿಸಿನ ಕವರ್ ತಂದಾಗ 'ನಾನಲ್ಲ' ಎಂದು ವಾಪಸ್ ಕಳಿಸುವ ಜಾಣರಿದ್ದಾರೆ. ಬೇಡ ಎಂದು ವಾಪಸ್ ಕಳಿಸಿದ ನೋಟಿಸನ್ನು ಕೋರ್ಟು ತಲುಪಿದೆ ಎಂದೇ ಎಣಿಸುತ್ತದೆ. ಒಳಗೇನಿದೆ ಎಂದು ಗೊತ್ತಾಗದೆ ನಷ್ಟ ನಿಮಗೇ. ತಗೊಳ್ಳಿ, ಕವರ್ ಮೇಲೆ ಬಂದ ತಾರೀಖು ಬರೆದಿಡಿ, ಆ ವಾರದೊಳಗೆ ಯಾರಾದರೂ ತಿಳಿದವರಿಗೆ ತೋರಿಸಿ. ಕೋರ್ಟಿನಿಂದ ಸಮನ್ಸ್ ಬಂದರಂತೂ ಹೇಳಿದ ದಿನ ಹೋಗಲೇಬೇಕು. ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪಾಗಬಹುದು.

ಹಾಗಂತ ಕೇಸು ಹಾಕ್ಲಿ ಬಿಡಿ, ವರ್ಷಗಟ್ಟಲೆ ಎಳೆಯೋಣ ಎಂದುಕೊಂಡು ಕೂರುವವರಿಗೂ ಒಂದು ಮಾತು. ಕರಾರು ಮುಗಿದ ಮೇಲೂ ಮನೆ ಬಿಡದೆ ಇದ್ದ ದಿನಗಳಿಗೆ ಕೋರ್ಟು ನಷ್ಟ ಪರಿಹಾರ ಕಟ್ಟಿಸುತ್ತದೆ. ಅದು ಹಳೇ ಬಾಡಿಗೆಯಷ್ಟೇ ಇರಬೇಕು ಎಂದಿಲ್ಲ. ಆ ಏರಿಯಾದಲ್ಲಿ ಅಂಥ ಮನೆಗೆ ಈಗ ಎಷ್ಟಿದೆಯೋ ಅಷ್ಟು ಬೀಳಬಹುದು. ಬಾಡಿಗೆ ಬಾಕಿ ವಸೂಲಿಗೆ ಓನರ್‌ಗೆ 3 ವರ್ಷಗಳ ಕಾಲಮಿತಿ ಇದೆ. ಮನೆ ಖಾಲಿ ಮಾಡಿ ಬೇರೆ ಊರಿಗೆ ಹೋದರೂ ಬಾಕಿ ನಿಮ್ಮ ಹಿಂದೆಯೇ ಬರುತ್ತದೆ.

ಬೀಗದ ವಿಷಯ. ನನ್ನನ್ನು ಕೇಳಿದರೆ ಇವತ್ತಿನ ಮಾತಿನಲ್ಲಿ ಇದೇ ಮುಖ್ಯ. ಎರಡು ತಿಂಗಳು ಬಾಡಿಗೆ ಬರಲಿಲ್ಲ. ನೀವು ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಓನರ್ ಬಾಗಿಲಿಗೆ ಇನ್ನೊಂದು ಬೀಗ ಹಾಕಿದರು. ಇದು ಕಾನೂನಿಗೆ ವಿರುದ್ಧ. 'ಬಾಡಿಗೆ ತಪ್ಪಿದರೆ ಮಾಲೀಕರು ಬೀಗ ಹಾಕಬಹುದು' ಎಂದು ಕರಾರಿನಲ್ಲೇ ಬರೆದು ನೀವು ಸಹಿ ಹಾಕಿದ್ದರೂ, ಕೋರ್ಟಿನ ದಾರಿ ಬಿಟ್ಟು ಬಲವಂತವಾಗಿ ಬಿಡಿಸುವ ಹಾಗಿಲ್ಲ. 2003ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದಿಂದಲೇ ಹೋದ ಒಂದು ಜಾಗದ ತಕರಾರಿನಲ್ಲಿ ಹೇಳಿದ್ದು ಇದನ್ನೇ. ನೆಲೆಯೂರಿ ಸ್ವಾಧೀನದಲ್ಲಿರುವವರನ್ನು ನಿಜವಾದ ಮಾಲೀಕರು ಕೂಡ ಬಲ ಬಳಸಿ ಎಬ್ಬಿಸುವಂತಿಲ್ಲ, ಕಾನೂನಿನ ದಾರಿಯಲ್ಲೇ ಹೋಗಬೇಕು ಎಂದಿತು.

ಬೀಗ ಬಿದ್ದರೆ ಏನು ಮಾಡಬೇಕು? ಒಡೆಯೋಕೆ ಹೋಗಬೇಡಿ. ಮೊದಲು ಬಾಗಿಲು, ಬೀಗ ಎರಡರ ಫೋಟೋ ತೆಗೆಯಿರಿ. ಪಕ್ಕದ ಮನೆಯವರನ್ನು ಕರೆದು ತೋರಿಸಿ. ಗಲಾಟೆ, ಬೆದರಿಕೆ ಇದ್ದರೆ 112ಕ್ಕೆ ಫೋನ್ ಮಾಡಿ, ಠಾಣೆಗೆ ಹೋಗಿ ಬರಹದಲ್ಲಿ ದೂರು ಕೊಡಿ. ಇದು ಸಿವಿಲ್ ವಿಷಯ ಎಂದು ಹೇಳಿ ಕಳಿಸಬಹುದು. ಹಾಗೆ ಹೇಳಿದರೆ ಅದನ್ನೇ ಬರೆದು ಹಿಂಬರಹ ಕೊಡಿ ಎಂದು ಕೇಳಿ. ಆ ಕಾಗದ ಮುಂದೆ ಕೋರ್ಟಿನಲ್ಲಿ ಕೆಲಸಕ್ಕೆ ಬರುತ್ತದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ, ಒಪ್ಪಿಗೆಯಿಲ್ಲದೆ, ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಿಸಿಕೊಂಡವರು 6 ತಿಂಗಳೊಳಗೆ ಸ್ವಾಧೀನ ವಾಪಸ್ ಕೇಳಿ ದಾವೆ ಹಾಕಬಹುದು. ಮನೆ ಯಾರದ್ದು ಎಂಬ ಪ್ರಶ್ನೆ ಆ ದಾವೆಯಲ್ಲಿ ಬರೋದೇ ಇಲ್ಲ. ಆ 6 ತಿಂಗಳು ದಾಟಿದರೆ ಈ ದಾರಿ ಮುಚ್ಚುತ್ತದೆ. ನಾಳೆ ನಾಡಿದ್ದು ಎನ್ನಬೇಡಿ.

ಠಾಣೆ ಬಗ್ಗೆ ಇನ್ನೊಂದು ಮಾತು. ಬಾಡಿಗೆ ಕೊಟ್ಟಿಲ್ಲ ಎಂದು ಓನರ್ ಪೊಲೀಸರಿಗೆ ಹೇಳಿ, ಪೊಲೀಸರು ನಿಮ್ಮನ್ನು ಕರೆಸಿ 'ನಾಳೆ ಸಂಜೆಯೊಳಗೆ ಖಾಲಿ ಮಾಡು' ಎಂದು ಗದರಿಸೋದಿದೆ. ಬಾಡಿಗೆ ಕೊಡದೇ ಇರೋದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ಹೇಳಿದೆ. ಬಾಕಿ ವಸೂಲಿ, ಮನೆ ಖಾಲಿ ಎಲ್ಲವೂ ಸಿವಿಲ್ ಕೋರ್ಟಿನ ಕೆಲಸ. ಕರೆದರೆ ಹೋಗಿ, ಮರ್ಯಾದೆಯಿಂದ ಮಾತಾಡಿ. ಆದರೆ ಖಾಲಿ ಹಾಳೆಗೆ, ಓದದ ಮುಚ್ಚಳಿಕೆಗೆ ಸಹಿ ಹಾಕಬೇಡಿ.

ಆದರೆ ಚೆಕ್ ಕೊಟ್ಟರೆ ಕಥೆ ಬೇರೆ. ಓನರ್ ಬೈತಾರೆ ಅಂತ ಮುಂದಿನ ತಾರೀಖಿನ ಚೆಕ್ ಬರೆದು ಕೊಟ್ಟು, ಅದು ಬೌನ್ಸ್ ಆಯಿತು ಎನ್ನಿ. ಆಗ ಅದು ಅಪರಾಧ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಕೆಳಗೆ 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡರಷ್ಟು ದಂಡ, ಅಥವಾ ಎರಡೂ ಬೀಳಬಹುದು. ನೋಟಿಸ್ ಬಂದ 15 ದಿನದೊಳಗೆ ದುಡ್ಡು ಕಟ್ಟಿದರೆ ತಪ್ಪಿಸಿಕೊಳ್ಳಬಹುದು. ಸುಮ್ನೆ ಇದ್ದ ಸಿವಿಲ್ ಬಾಕಿಯನ್ನು ನಿಮ್ಮ ಕೈಯಾರೆ ಕ್ರಿಮಿನಲ್ ಕೇಸು ಮಾಡಿಕೊಳ್ಳಬೇಡಿ. ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಚೆಕ್ ಬೇಡ.

ಸಾಮಾನಿನ ವಿಷಯಕ್ಕೆ ಬರೋಣ. ಒಬ್ಬ ಟೈಲರ್. ಬಿ.ಎಂ. ರಸ್ತೆಯ ಸಂದಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಬಾಕಿ ಬಿತ್ತು. ಓನರ್ ಬಂದು ಹೊಲಿಗೆ ಮೆಷಿನ್ ಎತ್ತಿಕೊಂಡು ಹೋಗಿ, ದುಡ್ಡು ಕೊಟ್ಟು ಬಿಡಿಸಿಕೋ ಎಂದರು. ಹೀಗೆ ಮಾಡೋ ಅಧಿಕಾರ ಅವರಿಗೆ ಯಾರು ಕೊಟ್ಟರು? ಕೋರ್ಟಿನ ಆದೇಶವಿಲ್ಲದೆ ಬಾಡಿಗೆದಾರನ ಸಾಮಾನು ಮುಟ್ಟುವ ಹಾಗಿಲ್ಲ. ಇನ್ನೂ ಕೇಳಿ. ಓನರ್ ಕೇಸು ಹಾಕಿ ಗೆದ್ದು ಬಾಕಿಗೆ ಡಿಕ್ರಿ ತಂದರೂ ಕೆಲವು ವಸ್ತುಗಳನ್ನು ಕೋರ್ಟು ಸಹ ಜಪ್ತಿ ಮಾಡಲಾರದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂನಲ್ಲಿ ಆ ಪಟ್ಟಿ ಇದೆ. ಮನೆಯವರು ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ. ಧರ್ಮದ ಪದ್ಧತಿಯಂತೆ ಹೆಣ್ಣುಮಕ್ಕಳು ತೆಗೆಯಬಾರದ ಒಡವೆ, ಅಂದರೆ ನಮ್ಮ ಕಡೆಯ ತಾಳಿಯಂಥದ್ದು. ಕಸುಬು ಮಾಡುವವರ ಉಪಕರಣ. ನಮ್ಮ ಟೈಲರ್ ಮೆಷಿನ್ ಅದರಲ್ಲೇ ಬರುತ್ತದೆ. 1908ರಲ್ಲಿ ಬರೆದ ಸಂಹಿತೆ ಇದು. ಸಾಲಗಾರ ನಾಳೆ ಬೆಳಿಗ್ಗೆ ಉಣ್ಣಬೇಕು, ದುಡಿಯಬೇಕು ಎಂಬ ಲೆಕ್ಕ ಆಗಲೇ ಇತ್ತು.

ನೀರು, ಕರೆಂಟು ಕಟ್ ಮಾಡೋದೂ ಇದೇ ಜಾತಿಯ ಕೆಲಸ. ನಾವು ಈಗಲೂ ಕೆಇಬಿ ಎಂದೇ ಕರೆಯುವ ಸೆಸ್ಕ್‌ನವರು ಬಿಲ್ ಬಾಕಿ ಇದ್ದರೆ ಬರಹದಲ್ಲಿ 15 ದಿನಗಳ ನೋಟಿಸ್ ಕೊಟ್ಟೇ ಕಟ್ ಮಾಡಬೇಕು. ಅವರಿಗೇ ಹೀಗಿರುವಾಗ, ಓನರ್ ಮೆಟ್ಟಿಲ ಕೆಳಗಿನ ಫ್ಯೂಸ್ ಕಿತ್ತಿಟ್ಟುಕೊಳ್ಳೋದು ಎಲ್ಲಿಯ ನ್ಯಾಯ? ಇದಕ್ಕೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ತರಬಹುದು. ಗೃಹಜ್ಯೋತಿಗೆ ನಿಮ್ಮ ಆಧಾರ್ ಕೊಟ್ಟು ಆ ಮನೆಯ ಮೀಟರ್ ಜೋಡಿಸಿದ್ದೀರಲ್ಲ, ಅದರ ದಾಖಲೆ ಜೋಪಾನವಾಗಿಡಿ. ಕರಾರೇ ಇಲ್ಲದವರಿಗೆ, ಆ ಮನೆಯಲ್ಲಿ ವಾಸ ಇದ್ದೀನಿ ಎಂದು ತೋರಿಸೋಕೆ ಅದೊಂದು ಆಧಾರ. ಗ್ಯಾಸ್ ಬಿಲ್, ಮಕ್ಕಳ ಶಾಲೆಯ ವಿಳಾಸ, ಇವೂ ಆಗುತ್ತವೆ.

ಬಾಡಿಗೆ ಕಟ್ಟೋಕೆ ಮೀಟರ್ ಬಡ್ಡಿ ಸಾಲ ಮಾಡಬೇಡಿ ಎಂದು ಕೈ ಮುಗಿದು ಹೇಳುತ್ತೇನೆ. ಓನರ್‌ಗೆ 7,000 ಬಾಕಿ ಇದ್ದರೆ ಅದು ಮುಂದಿನ ತಿಂಗಳೂ 7,000ವೇ. ಮೀಟರ್ ಬಡ್ಡಿಯಲ್ಲಿ ಹಾಗಲ್ಲ. ಮಿತಿಮೀರಿದ ಬಡ್ಡಿಗೆ ತಡೆ ಹಾಕುವ ಕಾಯ್ದೆ ನಮ್ಮ ರಾಜ್ಯದಲ್ಲಿ 2004ರಿಂದಲೂ ಇದೆ. ಮೈಕ್ರೋ ಫೈನಾನ್ಸ್‌ನವರ ಬಲವಂತದ ವಸೂಲಿ ತಡೆಯೋಕೆ ಎಂದು 2025ರಲ್ಲಿ ಸುಗ್ರೀವಾಜ್ಞೆಯೂ ಬಂತು. ಆದರೂ ಆ ಸುಳಿಗೆ ಬಿದ್ದು ಕಾನೂನು ಹುಡುಕೋದಕ್ಕಿಂತ ಓನರ್ ಹತ್ತಿರ ಎರಡು ಮಾತು ಅನ್ನಿಸಿಕೊಳ್ಳೋದೇ ವಾಸಿ.

ಇಷ್ಟೆಲ್ಲ ಕೇಳಿ 'ಲಾಯರ್‌ಗೆ ದುಡ್ಡು ಎಲ್ಲಿಂದ ತರೋದು' ಎಂದುಕೊಳ್ಳುತ್ತಿದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ತಾಲ್ಲೂಕುಗಳಲ್ಲಿ ತಾಲ್ಲೂಕು ಸಮಿತಿಗಳಿವೆ. 1987ರ ಕಾಯ್ದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ನೆರೆ ಭೂಕಂಪದಂಥ ವಿಪತ್ತಿಗೆ ಸಿಕ್ಕವರು, ಇವರಿಗೆಲ್ಲ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ಫೋನ್ ನಂಬರ್ 15100. ಬರೆದುಕೊಳ್ಳಿ. ಕೇಸು ಇನ್ನೂ ಹಾಕಿಲ್ಲ ಎಂದರೂ ಇಬ್ಬರನ್ನೂ ಕೂರಿಸಿ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸಬಹುದು, ಕೋರ್ಟ್ ಫೀ ಇಲ್ಲ. ನನಗೆ ಇಷ್ಟವಾದ ದಾರಿ ಇದು. ಓನರ್‌ಗೂ ಕೋರ್ಟು ಅಲೆಯುವ ಆಸೆ ಇರೋದಿಲ್ಲ. ಮೂರು ತಿಂಗಳ ಕಾಲಾವಕಾಶ, ಕಂತಿನಲ್ಲಿ ಬಾಕಿ, ಅಡ್ವಾನ್ಸ್ ಲೆಕ್ಕ, ಕೀ ಕೊಡುವ ತಾರೀಖು, ಎಲ್ಲವನ್ನೂ ಒಂದೇ ಕಾಗದದಲ್ಲಿ ಬರೆಸಬಹುದು. ಒಂದೇ ಎಚ್ಚರಿಕೆ. ಲೋಕ ಅದಾಲತ್‌ನ ತೀರ್ಮಾನಕ್ಕೆ ಡಿಕ್ರಿಯಷ್ಟೇ ಬಲ ಇದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಕಟ್ಟೋಕೆ ಆಗದ ಕಂತಿಗೆ ಅಲ್ಲಿ ತಲೆ ಆಡಿಸಬೇಡಿ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಒಬ್ಬ ಅಕ್ಕ ಕೇಳಿದರು: "ಯಜಮಾನರು ಮನೆ ಬಿಟ್ಟು ಹೋಗಿದಾರೆ ಸಾರ್. ಕರಾರು ಅವರ ಹೆಸರಲ್ಲೇ ಇದೆ. ಓನರ್ ನನ್ನನ್ನು ಬಾಡಿಗೆ ಕೇಳ್ತಿದಾರೆ."

ಅಕ್ಕ, ಮನೆಯಲ್ಲಿ ಹಿಂಸೆ ಇತ್ತು, ದುಡ್ಡು ಕೊಡದೆ ಸತಾಯಿಸಿದರು ಎಂದಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ದಾರಿಯಿದೆ. ದುಡ್ಡು ಕೊಡದೆ ಸತಾಯಿಸೋದೂ ಆ ಕಾಯ್ದೆಯಲ್ಲಿ ದೌರ್ಜನ್ಯವೇ. ಗಂಡ ಬಾಡಿಗೆ ಕಟ್ಟಬೇಕು, ಇಲ್ಲವೇ ಅಂಥದ್ದೇ ಬೇರೆ ಮನೆ ಮಾಡಿಕೊಡಬೇಕು ಎಂದು ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಮಹಿಳಾ ಮತ್ತು ಮಕ್ಕಳ ಇಲಾಖೆಯಲ್ಲಿ ಸಂರಕ್ಷಣಾಧಿಕಾರಿ ಇರುತ್ತಾರೆ, ಅಲ್ಲಿಂದ ಶುರು ಮಾಡಿ. ಅಷ್ಟರಲ್ಲಿ ಓನರ್‌ಗೆ ಇರುವ ವಿಷಯ ಹೇಳಿ, ಆದಷ್ಟನ್ನು ನಿಮ್ಮ ಫೋನಿನಿಂದಲೇ ಹಾಕಿ. ಮನೆಯಲ್ಲಿ ಇರೋದು ನೀವು ಎಂಬುದು ದಾಖಲೆಯಾಗಲಿ.

ಸಾಲಗಾಮೆ ರಸ್ತೆಯ ಪಿಜಿಯಲ್ಲಿರುವ ಒಬ್ಬ ಹುಡುಗ: "ನಮಗೂ ಇದೆಲ್ಲ ಅನ್ವಯಿಸುತ್ತಾ?"

ಪೂರ್ತಿ ಇಲ್ಲ ಮಗಾ. ಪಿಜಿಯಲ್ಲಿ ಸಾಮಾನ್ಯವಾಗಿ ನಿನಗೆ ಸಿಗೋದು ಇರೋಕೆ ಅನುಮತಿ ಅಷ್ಟೇ, ಮನೆ ಬಾಡಿಗೆಯ ಹಕ್ಕಲ್ಲ. ಬಿಡು ಎನ್ನೋದು ಅವರಿಗೆ ಸುಲಭ. ಆದರೂ ನಿನ್ನ ಮಾರ್ಕ್ಸ್ ಕಾರ್ಡು, ಲ್ಯಾಪ್‌ಟಾಪು ಇಟ್ಟುಕೊಂಡು ಸತಾಯಿಸುವಂತಿಲ್ಲ.

ಒಬ್ಬ ಅಂಗಡಿಯವರು: "ನಮ್ಮದು ನಗರಸಭೆ ಮಳಿಗೆ. ನಾಲ್ಕು ತಿಂಗಳು ಬಾಕಿ."

ಸರ್ಕಾರಿ, ಸ್ಥಳೀಯ ಸಂಸ್ಥೆಯ ಮಳಿಗೆಗಳಿಗೆ 1974ರ ಬೇರೆಯೇ ಕಾಯ್ದೆ ಇದೆ. ಅಲ್ಲಿ ಸಿವಿಲ್ ಕೋರ್ಟಿಗೆ ಹೋಗದೆ ಅಧಿಕಾರಿಯೇ ನೋಟಿಸ್ ಕೊಟ್ಟು, ವಿಚಾರಣೆ ಮಾಡಿ, ಖಾಲಿ ಮಾಡಿಸುವ ಆದೇಶ ಮಾಡಬಹುದು. ಬೇಗ ಮುಗಿಯುತ್ತದೆ. ನೋಟಿಸಿಗೆ ಹೇಳಿದ ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ, ಕಂತು ಕೇಳಿ, ಅರ್ಜಿ ಕೊಟ್ಟಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ.

ಹಿಂದಿನ ಸಾಲಿನಿಂದ ಒಬ್ಬ ಓನರ್: "ನೀವು ಬರೀ ಅವರ ಪರ ಹೇಳ್ತೀರಿ. ಆರು ತಿಂಗಳು ಕೊಡದವರನ್ನ ನಾವೇನ್ ಮಾಡೋದು?"

ನ್ಯಾಯವಾದ ಮಾತು. ನಿಮ್ಮ ಕೈಯಲ್ಲಿ ಬಲವಾದ ಕಾನೂನೇ ಇದೆ ಸಾರ್. 15 ದಿನದ ನೋಟಿಸ್, ದಾವೆ, ಬಾಕಿ, ನಷ್ಟ ಪರಿಹಾರ. ಬೀಗ ಹಾಕಿದರೆ ಆ ಬಲ ನೀವೇ ಕಳೆದುಕೊಳ್ಳುತ್ತೀರಿ, ತಪ್ಪು ನಿಮ್ಮ ಮೇಲೆ ತಿರುಗುತ್ತದೆ. ಆರು ತಿಂಗಳು ಕಾಯಬೇಡಿ, ಎರಡನೇ ತಿಂಗಳಲ್ಲೇ ಕೂತು ಮಾತಾಡಿ ಬರೆಸಿಕೊಳ್ಳಿ.

ಕೊನೆಗೆ ಒಬ್ಬ ಅಮ್ಮ: "ಇಷ್ಟೆಲ್ಲ ಯಾಕಪ್ಪ, ಮರ್ಯಾದೆಯಾಗಿ ಬಿಟ್ಟು ಹೋಗ್ತೀವಿ ಅಂದ್ರೆ?"

ಅದೂ ಒಳ್ಳೆಯ ನಿರ್ಧಾರವೇ ಅಮ್ಮ. ಎಷ್ಟೋ ಸಲ ಅದೇ ಸರಿ. ಸಣ್ಣ ಮನೆಗೆ ಹೋದರೆ ಬಾಕಿ ಬೆಳೆಯೋದು ಅಲ್ಲಿಗೆ ನಿಲ್ಲುತ್ತದೆ. ಕರಾರಿನಲ್ಲಿ ಎಷ್ಟು ದಿನ ಮುಂಚೆ ಹೇಳಬೇಕು ಎಂದಿದೆಯೋ ಅಷ್ಟು ದಿನ ಮುಂಚೆ ಬರಹದಲ್ಲಿ ತಿಳಿಸಿ. ರಾತ್ರೋರಾತ್ರಿ ಸಾಮಾನು ಸಾಗಿಸಬೇಡಿ. ಬಿಡುವ ದಿನ ಓನರನ್ನು ಕರೆದು ಎಲ್ಲ ರೂಮು ತೋರಿಸಿ, ಫೋನಿನಲ್ಲಿ ವಿಡಿಯೋ ಮಾಡಿ. ಕರೆಂಟ್ ಮೀಟರಿನ ರೀಡಿಂಗ್ ಫೋಟೋ ತೆಗೆಯಿರಿ. ಅಡ್ವಾನ್ಸ್ ಎಷ್ಟು, ಅದರಲ್ಲಿ ಬಾಕಿಗೆ ಎಷ್ಟು ಹೋಯಿತು, ಪೇಂಟಿಂಗಿಗೆ ಎಷ್ಟು ಹಿಡಿದರು, ವಾಪಸ್ ಎಷ್ಟು, ಯಾವತ್ತು ಕೊಡುತ್ತಾರೆ, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕೀ ಕೊಟ್ಟಿದ್ದಕ್ಕೂ ಅದರಲ್ಲೇ ಒಂದು ಸಾಲು ಇರಲಿ. ಆಮೇಲೆ ಗೃಹಜ್ಯೋತಿಯಲ್ಲಿ ಆ ಮನೆಯ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿ. ಇಲ್ಲದಿದ್ದರೆ ಹೊಸ ಮನೆಯಲ್ಲಿ ಅದನ್ನು ಜೋಡಿಸೋಕೆ ಒದ್ದಾಡಬೇಕಾಗುತ್ತದೆ.